ಮನೆ ತೊಳೆಯುವ ಬಾಟಲಿಗಳು: ಯಾವ ಕೊಳೆಗೆ ಯಾವುದು, ಯಾಕೆ?

ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಬಚ್ಚಲುಮನೆ ತೊಳೆಯುತ್ತಿದ್ದರು, ನಾನು ಅಡುಗೆಮನೆಯ ಅಟ್ಟದಿಂದ ಡಬ್ಬಗಳನ್ನು ಇಳಿಸುತ್ತಿದ್ದೆ. ಒಂದೇ ಸಮನೆ ಕೆಮ್ಮು ಕೇಳಿಸಿತು. ಓಡಿಹೋಗಿ ನೋಡಿದರೆ ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲ ಹತ್ತಿರ ಕೂತುಬಿಟ್ಟಿದ್ದಾರೆ. "ಏನಮ್ಮಾ ಇದು, ಕಣ್ಣು ಉರೀತೈತೆ, ಎದೆ ಹಿಡ್ಕೊಂಡಂಗಾಗೈತೆ" ಅಂದರು.

ಟೈಲ್ಸ್ ಮೇಲಿನ ಬಿಳಿ ಕಲೆ ಹೋಗಲಿ ಅಂತ ಮೊದಲು ಆಸಿಡ್ ಹಾಕಿದ್ದರಂತೆ. ಅದು ಸಾಲದು ಅನ್ನಿಸಿ ಅದರ ಮೇಲೇ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಾರೆ. ಎರಡನ್ನೂ ತಂದಿಟ್ಟವಳು ನಾನೇ. ಎರಡನ್ನೂ ಸೇರಿಸಬಾರದು ಅಂತ ಅವರಿಗೆ ಹೇಳಿರಲಿಲ್ಲ, ಯಾಕೆಂದರೆ ನನಗೇ ಅದು ಗೊತ್ತಿರಲಿಲ್ಲ. ಹೊರಗೆ ಗಾಳಿಗೆ ಕೂರಿಸಿ, ಕಣ್ಣಿಗೆ ನೀರು ಹಾಕಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ದಿನಕ್ಕೆ ಸುಧಾರಿಸಿಕೊಂಡರು. ಆಮೇಲೆ ಬಚ್ಚಲಿನ ಮೂಲೆಯಲ್ಲಿದ್ದ ಒಂಬತ್ತು ಬಾಟಲಿಗಳನ್ನು ಹೊರಗೆ ತೆಗೆದು ಸಾಲಾಗಿ ಇಟ್ಟು, ಒಂದೊಂದರ ಹಿಂದೆ ಬರೆದಿರುವ ಸಣ್ಣ ಅಕ್ಷರ ಓದುತ್ತಾ ಕೂತೆ. ಒಂಬತ್ತರಲ್ಲಿ ಕೆಲಸ ಮಾಡುವ ಪದಾರ್ಥ ಮೂರೋ ನಾಲ್ಕೋ ಬಗೆಯದು, ಅಷ್ಟೇ. ಬೇರೆಯದು ಬಣ್ಣ, ವಾಸನೆ, ನೀರು.

ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಗೊತ್ತಿದ್ದರೆ ಮನೆಗೆ ಬರುವ ಬಾಟಲಿ ಅರ್ಧಕ್ಕರ್ಧ ಕಡಿಮೆ ಆಗುತ್ತದೆ, ಅಪಾಯವೂ ತಪ್ಪುತ್ತದೆ.

ಕೊಳೆ ಅಂದರೆ ಎಲ್ಲ ಒಂದೇನಾ?

ಅಲ್ಲ. ಇಡೀ ವಿಷಯದ ಬುಡ ಇಲ್ಲೇ ಇದೆ. ಒಲೆಯ ಹಿಂದಿನ ಗೋಡೆಗೆ ಅಂಟಿರುವುದು ಜಿಡ್ಡು, ಅಂದರೆ ಎಣ್ಣೆ. ನಲ್ಲಿಯ ಬಾಯಿಗೆ ಕಟ್ಟಿಕೊಂಡಿರುವುದು ಕಲ್ಲು, ನಿಜವಾಗಿಯೂ ಕಲ್ಲು. ಹಿತ್ತಾಳೆ ದೀಪದ ಮೇಲಿನ ಕಪ್ಪು ಆ ಲೋಹವೇ ಗಾಳಿಯ ಜತೆ ಸೇರಿ ಆದ ಪದರ. ಕಕ್ಕಸಿನ ಅಂಚಿನಲ್ಲಿ, ಹಸಿ ಮಾಂಸ ಕತ್ತರಿಸಿದ ಹಲಗೆಯಲ್ಲಿ ಇರುವುದು ಕಣ್ಣಿಗೆ ಕಾಣದ ರೋಗಾಣುಗಳು. ಫ್ಯಾನಿನ ರೆಕ್ಕೆ ಮೇಲಿರುವುದು ಬರೀ ಧೂಳು.

ಜ್ವರದ ಮಾತ್ರೆ ಮುರಿದ ಕೈಗೆ ಕೆಲಸ ಮಾಡುವುದಿಲ್ಲ, ಅಲ್ವಾ? ಹಾಗೇ ಇದೂ. ಜಿಡ್ಡಿಗೆ ಆಸಿಡ್ ಸುರಿದರೆ ಹೋಗುವುದಿಲ್ಲ, ಬಿಳಿ ಕಲೆಗೆ ಸೋಪು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೋಗದೇ ಇದ್ದಾಗ ನಾವು ಏನು ಮಾಡುತ್ತೇವೆ? ಇನ್ನೊಂದು ಬಾಟಲಿ ತೆಗೆದು ಅದರ ಮೇಲೇ ಹಾಕುತ್ತೇವೆ. ಅಂದು ನಮ್ಮ ಮನೆಯಲ್ಲಿ ಆದದ್ದು ಅದೇ.

ಹುಳಿ, ಕ್ಷಾರ: ಎರಡೇ ಪದ ಸಾಕು

ಆಸಿಡ್ ಅಂದರೆ ಹುಳಿ. ನಿಂಬೆಹಣ್ಣು, ಹುಣಸೆಹಣ್ಣು, ವಿನೆಗರ್, ಕಕ್ಕಸು ತೊಳೆಯುವ ನೀಲಿ ಬಾಟಲಿ ಎಲ್ಲವೂ ಒಂದೇ ಕುಲ, ಜೋರು ಮಾತ್ರ ಬೇರೆ ಬೇರೆ. ಕ್ಷಾರ ಇದಕ್ಕೆ ಎದುರು. ಒಲೆಯ ಬೂದಿ, ಅಗಸರು ಬಟ್ಟೆ ಒಗೆಯುತ್ತಿದ್ದ ಸವಳು ಮಣ್ಣು, ಅಡುಗೆ ಸೋಡಾ, ವಾಷಿಂಗ್ ಸೋಡಾ, ಸುಣ್ಣ ಎಲ್ಲ ಈ ಕಡೆಯವು. ಮುಟ್ಟಿದರೆ ಬೆರಳು ಜಾರುತ್ತದೆ.

ಇವನ್ನು ಅಳೆಯಲು ಪಿಎಚ್ ಅನ್ನುವ ಅಳತೆ ಇದೆ, ಸಾಮಾನ್ಯವಾಗಿ 0ಯಿಂದ 14ರವರೆಗೆ. ನಡುವಿನ 7 ಅಂದರೆ ಎರಡೂ ಅಲ್ಲದ್ದು, ಶುದ್ಧ ನೀರಿನ ಹಾಗೆ. ನಿಂಬೆರಸ ಸುಮಾರು 2, ಅಡುಗೆ ಸೋಡಾ ಕರಗಿಸಿದ ನೀರು ಸುಮಾರು 8, ವಾಷಿಂಗ್ ಸೋಡಾ ಸುಮಾರು 11. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಜಾಸ್ತಿ ಅಂತ ಅರ್ಥ.

ಹುಳಿ ಮತ್ತು ಕ್ಷಾರ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಇಳಿಸಿಬಿಡುತ್ತದೆ. ಅಡುಗೆ ಸೋಡಾ ಹಾಕಿ ಅದರ ಮೇಲೆ ವಿನೆಗರ್ ಸುರಿಯುವ ವಿಡಿಯೋ ನೀವೂ ನೋಡಿರುತ್ತೀರಿ. ಬುಸ್ಸನೆ ನೊರೆ ಬರುತ್ತದೆ, ಕೊಳೆ ಎದ್ದುಬಂತು ಅನ್ನಿಸುತ್ತದೆ. ಆ ಗುಳ್ಳೆ ಗೋಲಿ ಸೋಡಾದಲ್ಲಿರುವ ಗಾಳಿಯೇ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಒಂದು ಬಗೆಯ ಉಪ್ಪು ಕರಗಿದ ನೀರು. ಅದರಿಂದ ಅಪಾಯವೇನಿಲ್ಲ. ಆದರೆ ಎರಡನ್ನೂ ಬೇರೆ ಬೇರೆಯಾಗಿ ಬಳಸಿದ್ದರೆ ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು.

ಜಿಡ್ಡು ಹೋಗುವುದು ಹೇಗೆ?

ಎಣ್ಣೆಗೂ ನೀರಿಗೂ ಮಾತಿಲ್ಲ, ಕತೆಯಿಲ್ಲ. ಊರಿನಲ್ಲಿ ಎರಡು ಮನೆಗೆ ಜಗಳವಾದಾಗ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರು ನಡುವೆ ನಿಂತು ಒಂದು ಕೈಯಲ್ಲಿ ಇವರನ್ನು, ಇನ್ನೊಂದು ಕೈಯಲ್ಲಿ ಅವರನ್ನು ಹಿಡಿದುಕೊಂಡು ಹೊರಡಿಸುತ್ತಾರಲ್ಲ, ಸೋಪು ಮಾಡುವುದು ಅದನ್ನೇ. ಸೋಪಿನ ಒಂದೊಂದು ಕಣಕ್ಕೂ ಎರಡು ತುದಿ. ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ನೀರು ಹರಿದಾಗ ಎಣ್ಣೆಯೂ ಜತೆಗೆ ಹೊರಡುತ್ತದೆ.

ಎಣ್ಣೆನೀರು ಹಾಕಿಕೊಂಡ ದಿನ ಸೀಗೆಪುಡಿ ಹಚ್ಚಿದರೆ ಜಿಡ್ಡು ಹೋಗುವುದೂ ಹೀಗೇ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಅನ್ನುವ ಪದಾರ್ಥ ಇದೆ, ಅದಕ್ಕೂ ಇದೇ ಥರ ಎರಡು ತುದಿ. ಬೂದಿಯ ಕತೆ ಇನ್ನೂ ಚೆನ್ನಾಗಿದೆ. ಬೂದಿಯ ಕ್ಷಾರ ಪಾತ್ರೆಯ ಮೇಲಿನ ಎಣ್ಣೆಯ ಸ್ವಲ್ಪ ಭಾಗವನ್ನು ಅಲ್ಲೇ ಸೋಪಾಗಿ ಮಾಡಿಬಿಡುತ್ತದೆ. ನಮ್ಮ ಅಜ್ಜಿ ತೆಂಗಿನ ನಾರಿಗೆ ಬೂದಿ ಹಚ್ಚಿ ಕಾವಲಿ ತಿಕ್ಕುವಾಗ ಆ ಕೈಯಲ್ಲಿ ಒಂದು ಸಣ್ಣ ಸೋಪಿನ ಕಾರ್ಖಾನೆ ನಡೆಯುತ್ತಿತ್ತು.

ಹಾಗಾಗಿ ಒಲೆ, ಚಿಮಣಿ, ಮಿಕ್ಸಿಯ ಸುತ್ತ ಇರುವ ಜಿಡ್ಡಿಗೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪು ಸಾಕು. ಹಳೇ ಗಟ್ಟಿ ಜಿಡ್ಡಾದರೆ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಬಟ್ಟೆ ಅದ್ದಿ ಹತ್ತು ನಿಮಿಷ ಅಂಟಿಸಿ ಬಿಡಿ, ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಬೇಡ, ಕ್ಷಾರ ಅದನ್ನು ತಿಂದು ಕಪ್ಪಾಗಿಸುತ್ತದೆ. ಬಾಣಲೆಯ ಎಣ್ಣೆಯನ್ನು ತೊಳೆಯುವ ಮುಂಚೆ ಹಳೇ ಪೇಪರಿನಲ್ಲಿ ಒರೆಸಿಬಿಟ್ಟರೆ ಸೋಪೂ ಕಡಿಮೆ, ಸಿಂಕಿನ ಪೈಪೂ ಕಟ್ಟಿಕೊಳ್ಳುವುದಿಲ್ಲ.

ನಲ್ಲಿಯ ಮೇಲಿನ ಬಿಳಿ ಕಲೆ

ಬೋರ್‌ವೆಲ್ ನೀರು ನೆಲದೊಳಗೆ ಕಲ್ಲು ಮಣ್ಣಿನ ನಡುವೆ ಬಹಳ ಕಾಲ ಇರುತ್ತದೆ. ಅಲ್ಲಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಇದಕ್ಕೇ ಗಡಸು ನೀರು ಅನ್ನುವುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರವಾದಾಗ ಟ್ಯಾಂಕರಿಗೆ ಕಾದು ಕೂತ ಮನೆಗಳು ಎಷ್ಟೋ. ಆ ನೀರು ಬಹಳ ಮಟ್ಟಿಗೆ ಬೋರಿನದೇ.

ಗಡಸು ನೀರಿನ ಹನಿ ನಲ್ಲಿಯ ಮೇಲೆ ಕೂತು ಒಣಗಿತು ಅಂದುಕೊಳ್ಳಿ. ನೀರು ಆವಿಯಾಗಿ ಹೋಗುತ್ತದೆ, ಕ್ಯಾಲ್ಸಿಯಂ ಎಲ್ಲಿಗೆ ಹೋಗಬೇಕು? ಅಲ್ಲೇ ಕೂರುತ್ತದೆ. ದಿನಾ ಒಂದೊಂದು ಪದರ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು ಯಾವುದರಿಂದ ಆಗಿದೆಯೋ ಅದೇ. ಗೀಸರಿನ ಕಾಯಿಲ್ ಮೇಲೆ ಕಟ್ಟುವುದೂ ಇದೇ, ಬಿಸಿಯಾದಾಗ ಇನ್ನೂ ಬೇಗ ಕಟ್ಟುತ್ತದೆ. ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಬಕೆಟ್ಟಿನ ಒಳಗೆ ಬಿಳಿ ಗಸಿ ಅಂಟಿಕೊಳ್ಳುವುದಕ್ಕೂ ಕಾರಣ ಈ ಕ್ಯಾಲ್ಸಿಯಮ್ಮೇ.

ಸುಣ್ಣದ ಕಲ್ಲು ಹುಳಿಗೆ ಕರಗುತ್ತದೆ. ಅಷ್ಟು ಗೊತ್ತಾದರೆ ಸಾಕು. ಸಾರಿಗೆ ಹಿಂಡಿದ ನಿಂಬೆಹೋಳನ್ನು ಬಿಸಾಡಬೇಡಿ. ಅದನ್ನು ನಲ್ಲಿಯ ಬಾಯಿಗೆ ಟೋಪಿ ಹಾಕಿದ ಹಾಗೆ ಒತ್ತಿ, ಒಂದು ರಬ್ಬರ್ ಬ್ಯಾಂಡ್ ಹಾಕಿ. ಹತ್ತಿರ ಹೋಗಿ ನೋಡಿದರೆ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ, ಕಿವಿ ಕೊಟ್ಟರೆ ಸಣ್ಣಗೆ ಚುರ್ ಅನ್ನುವುದೂ ಕೇಳಿಸುತ್ತದೆ. ಅರ್ಧ ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಕಲೆ ದಪ್ಪಗಿದ್ದರೆ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಎರಡು ಚಮಚ ಒಂದು ಲೋಟ ಬಿಸಿನೀರಿಗೆ ಹಾಕಿ ಬಟ್ಟೆ ಅದ್ದಿ ಸುತ್ತಿ. ಎರಡು ಮೂರು ಸಲ ಮಾಡಬೇಕಾಗಬಹುದು. ಜೋರು ಆಸಿಡ್ ಹಾಕಿದರೆ ಕಲೆಯ ಜತೆ ನಲ್ಲಿಯ ಮೇಲಿನ ಹೊಳಪಿನ ಲೇಪವೂ ಹೋಗುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ಕಲೆ ಕೂರಲು ಬಿಡದಿರುವುದು. ಸ್ನಾನ ಆದಮೇಲೆ ನಲ್ಲಿಯನ್ನು, ಗೋಡೆಯನ್ನು ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹನಿ ಒಣಗುವ ಪ್ರಶ್ನೆಯೇ ಇಲ್ಲ. ನಮ್ಮ ಮನೆಯಲ್ಲಿ ಕೊನೆಗೆ ಸ್ನಾನ ಮಾಡಿದವರು ಒರೆಸಬೇಕು ಅಂತ ಮಾಡಿಕೊಂಡಿದ್ದೇವೆ.

ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು ಹಾಕುವುದೂ ಇದೇ ಲೆಕ್ಕ. ತಾಮ್ರ ಗಾಳಿಯಲ್ಲಿ ಕಪ್ಪಾಗುತ್ತದೆ, ಆ ಕಪ್ಪು ಪದರವನ್ನು ಹುಣಸೆಯ ಹುಳಿ ಕರಗಿಸುತ್ತದೆ. ತೊಳೆದ ತಕ್ಷಣ ಒರೆಸಿ ಒಣಗಿಸದಿದ್ದರೆ ಮತ್ತೆ ಬೇಗ ಕಪ್ಪಾಗುತ್ತದೆ. ಬೆಳ್ಳಿಯ ಕಪ್ಪು ಗಂಧಕದಿಂದ ಆದದ್ದು, ಅದಕ್ಕೆ ಹುಣಸೆ ನಾಟುವುದಿಲ್ಲ.

ಹುಳಿ ತಾಗಿಸಬಾರದ ನೆಲಗಳು

ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಸಾವಿರಾರು ರೂಪಾಯಿಯ ನೆಲ ಒಂದೇ ದಿನದಲ್ಲಿ ಹಾಳಾಗುವುದು ಇಲ್ಲೇ. ಅಮೃತಶಿಲೆ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಅಡುಗೆಮನೆಯ ಕಪ್ಪು ಕಡಪ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಮೊಸಾಯಿಕ್ ನೆಲದಲ್ಲಿ ಅಮೃತಶಿಲೆಯ ಚೂರುಗಳಿರುತ್ತವೆ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಸಿಮೆಂಟಿನದು, ಅದನ್ನೂ ಹುಳಿ ತಿನ್ನುತ್ತದೆ. ಇವುಗಳ ಮೇಲೆ ಆಸಿಡ್ ಹಾಕಿದಾಗ ಬುಸ್ಸನೆ ನೊರೆ ಬಂದರೆ ಕರಗುತ್ತಿರುವುದು ನೆಲವೇ. ಹೊಳಪು ಹೋಗಿ ಒರಟಾಗುತ್ತದೆ, ಒರಟಾದ ಕಡೆ ಕೊಳೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಇಂಥ ನೆಲಕ್ಕೆ ಒಂದು ಬಕೆಟ್ ನೀರಿಗೆ ಕೆಲವೇ ಹನಿ ಸೋಪು, ಇಷ್ಟೇ. ನಿಂಬೆರಸ ಚೆಲ್ಲಿದರೂ ತಕ್ಷಣ ಒರೆಸಿ.

ಪಿಂಗಾಣಿ ಟೈಲ್ಸಿಗೆ ಹುಳಿಯ ಭಯ ಕಡಿಮೆ. ಆದರೆ ಎರಡು ಟೈಲ್ಸಿನ ನಡುವಿನ ಗೆರೆ ಸಿಮೆಂಟು, ಅದು ಸವೆಯುತ್ತದೆ. ಸವೆದ ಗೆರೆಯಿಂದಲೇ ನೀರು ಇಳಿದು ಕೆಳಗಿನ ಮನೆಯ ಸೂರು ಸೋರುವುದು.

ರೋಗಾಣು ಕೊಲ್ಲುವುದು ಯಾವಾಗ ಬೇಕು?

ತೊಳೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ಸೋಪುನೀರು ಹಾಕಿ ಉಜ್ಜಿ ತೊಳೆದಾಗ ಬಹುಪಾಲು ರೋಗಾಣುಗಳು ನೀರಿನ ಜತೆ ಕೊಚ್ಚಿ ಹೋಗುತ್ತವೆ. ದಿನಾ ನಡೆದಾಡುವ ನೆಲಕ್ಕೆ ಇಷ್ಟು ಸಾಕು. ಪ್ರತಿದಿನ ಕ್ರಿಮಿನಾಶಕ ಹಾಕಿ ನೆಲ ಒರೆಸಬೇಕಾಗಿಲ್ಲ. ಗಮಗಮ ಅಂದರೆ ಶುಚಿ ಅನ್ನುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಶುಚಿಯಾದ ಮನೆಗೆ ವಾಸನೆಯೇ ಇರುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ, ಹಸಿ ಮಾಂಸ ಮೀನು ಕತ್ತರಿಸಿದ್ದರೆ, ಕಕ್ಕಸಿನ ಸೀಟು, ಚಿಲಕ ಇಂಥ ಕಡೆ ಬ್ಲೀಚ್ ಬೇಕು. ಶೇಕಡ 5ರ ದ್ರವ ಬ್ಲೀಚ್ ಆದರೆ ಒಂದು ಲೀಟರ್ ತಣ್ಣೀರಿಗೆ 20 ಮಿಲಿಲೀಟರ್ ಹಾಕಿದರೆ ಸಾಕು. ಮೊದಲು ಸೋಪಿನಲ್ಲಿ ತೊಳೆದು, ಚೆನ್ನಾಗಿ ನೀರು ಹಾಕಿ, ಆಮೇಲೆ ಬ್ಲೀಚ್ ನೀರು ಹಚ್ಚಿ ಐದು ನಿಮಿಷ ಹಸಿಯಾಗೇ ಬಿಡಬೇಕು. ಮೊದಲು ಯಾಕೆ ತೊಳೆಯಬೇಕು ಅಂದರೆ, ಬ್ಲೀಚು ಸಿಕ್ಕ ಕೊಳೆಯನ್ನೆಲ್ಲ ತಿನ್ನುತ್ತಾ ಖರ್ಚಾಗಿಬಿಡುತ್ತದೆ, ರೋಗಾಣು ಸಿಗುವ ಹೊತ್ತಿಗೆ ಅದರಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಕಲಸಿದ ನೀರನ್ನು ನಾಳೆಗೆ ಇಡಬೇಡಿ. ಬ್ಲೀಚಿಂಗ್ ಪೌಡರ್ ಕೂಡ ಬಾಯಿ ತೆರೆದಿಟ್ಟರೆ ದಿನದಿನಕ್ಕೆ ಸಪ್ಪೆಯಾಗುತ್ತದೆ.

ನೆಲ ಒರೆಸುವ ಬಟ್ಟೆ, ಪಾತ್ರೆ ತಿಕ್ಕುವ ಸ್ಪಂಜು ಸದಾ ಒದ್ದೆಯಾಗಿದ್ದರೆ ಅದೇ ರೋಗಾಣುಗಳ ಮನೆ. ಹಿಂಡಿ ಬಿಸಿಲಿಗೆ ಹಾಕಿ, ಪೂರ್ತಿ ಒಣಗಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ಬರುವ ಬೂಸ್ಟೂ ತೇವದಿಂದಲೇ. ಬ್ಲೀಚ್ ಹಚ್ಚಿದರೆ ಮೇಲಿನದು ಹೋಗುತ್ತದೆ, ತೇವ ಇರುವಷ್ಟು ದಿನ ಮತ್ತೆ ಬರುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಟ್ಟರೆ ಹಿಂದೆ ಗಾಳಿ ಆಡುತ್ತದೆ.

ಬೆರೆಸಿದರೆ ಏನಾಗುತ್ತದೆ?

ಬ್ಲೀಚಿನೊಳಗೆ, ಅದು ಪೌಡರಾಗಲಿ ದ್ರವವಾಗಲಿ, ಕ್ಲೋರಿನ್ ಕಟ್ಟಿಹಾಕಿದ ಹಾಗೆ ಇರುತ್ತದೆ. ಹುಳಿ ಬಿದ್ದ ತಕ್ಷಣ ಆ ಕಟ್ಟು ಬಿಚ್ಚಿಕೊಂಡು ಕ್ಲೋರಿನ್ ಅನಿಲವಾಗಿ ಹೊರಗೆ ಬರುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪರ್ ಹತ್ತಿರ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕುಕ್ಕರಗಾಲಿನಲ್ಲಿ ಕೂತು, ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ನೆಲ ತಿಕ್ಕುವವರ ಮುಖಕ್ಕೇ ನೇರವಾಗಿ ಬರುತ್ತದೆ ಅಂತ ಗೊತ್ತಾದಾಗ ನನಗೆ ಹೊಟ್ಟೆ ತೊಳಸಿದ ಹಾಗಾಯಿತು.

ಕಕ್ಕಸಿನ ನೀಲಿ ಬಾಟಲಿಯಲ್ಲಿ ಇರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್, ಹಾಗಾಗಿ ಅದರ ಜತೆಗೂ ಬ್ಲೀಚ್ ಕೂಡದು. ವಿನೆಗರ್, ನಿಂಬೆ ಉಪ್ಪಿನ ಜತೆಗೂ ಕೂಡದು. ಕೆಲವು ಗಾಜು ಒರೆಸುವ ದ್ರವಗಳಲ್ಲಿ ಅಮೋನಿಯಾ ಇರುತ್ತದೆ, ಬ್ಲೀಚ್ ಸೇರಿದರೆ ಬೇರೊಂದು ವಿಷಗಾಳಿ ಏಳುತ್ತದೆ. ಸುಲಭವಾಗಿ ನೆನಪಿಡಬೇಕಾದರೆ, ಬ್ಲೀಚಿಗೆ ಜತೆಗಾರ ನೀರೊಂದೇ. ಇವತ್ತು ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚ್ ಬೇಕಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆದು ನಾಳೆ ಹಾಕಿ.

ಅಕಸ್ಮಾತ್ ಬೆರೆತು ಘಾಟು ಬಂದರೆ ತೊಳೆಯಲು ನಿಲ್ಲಬೇಡಿ. ಇದ್ದದ್ದನ್ನು ಇದ್ದ ಹಾಗೇ ಬಿಟ್ಟು ಹೊರಗೆ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ಹೋಗುವಾಗ ಕೈಗೆಟುಕಿದ ಕಿಟಕಿ ತೆಗೆಯಿರಿ. ಕಣ್ಣು ಉರಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕೆಮ್ಮು, ಎದೆ ಬಿಗಿತ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ಬೆರೆಸಿದ್ದು ಅಂತ ಸರಿಯಾಗಿ ಹೇಳಿ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ದೊಡ್ಡ ಅಪಾರ್ಟ್‌ಮೆಂಟಾದರೆ ಕೆಳಗಿನ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಸ್ವಂತ ಮನೆಯಾದರೆ ಒಳಚರಂಡಿಗೆ, ಊರುಗಳಲ್ಲಿ ಹಿತ್ತಿಲ ಗುಂಡಿಗೆ. ಎಸ್‌ಟಿಪಿಯಲ್ಲಾಗಲಿ, ಗುಂಡಿಯಲ್ಲಾಗಲಿ ಕೊಳೆಯನ್ನು ಅರಗಿಸುವುದು ಜೀವಂತ ಬ್ಯಾಕ್ಟೀರಿಯಾಗಳು. ದೋಸೆಹಿಟ್ಟು ಹುದುಗಿಸುವ ಜೀವಿಗಳ ಹಾಗೆ ಅವೂ ನಮ್ಮ ಪರವಾಗಿ ಕೆಲಸ ಮಾಡುತ್ತಿರುತ್ತವೆ. ಮನೆಮನೆಯಿಂದ ಬಾಟಲಿಗಟ್ಟಲೆ ಬ್ಲೀಚ್, ಫಿನೈಲ್ ಇಳಿದರೆ ಅವು ಸಾಯುತ್ತವೆ. ಆಗ ಗುಂಡಿ ನಾರುತ್ತದೆ, ಬೇಗ ತುಂಬುತ್ತದೆ.

2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬೈಕ್ ಸವಾರರ ಮೇಲೆ ಬೀಳುತ್ತಿತ್ತು. ನಮ್ಮ ಮನೆಗಳ ಸೋಪು, ಡಿಟರ್ಜೆಂಟು ಸರಿಯಾಗಿ ಶುದ್ಧವಾಗದ ಕೊಳಚೆಯ ಜತೆ ಕೆರೆ ಸೇರಿ, ನೀರು ಎತ್ತರದಿಂದ ಧುಮುಕುವ ಕಡೆ ನೊರೆಯಾಗಿ ಏಳುತ್ತಿತ್ತು. ಕೊಳಚೆಯನ್ನು ಶುದ್ಧ ಮಾಡುವುದು ಊರಿನ ಆಡಳಿತದ ಕೆಲಸ, ನಿಜ. ಡಿಟರ್ಜೆಂಟು ಎರಡು ಚಮಚ ಹಾಕುವ ಕಡೆ ಒಂದು ಹಾಕುವುದು ನಮ್ಮ ಕೈಯಲ್ಲೇ ಇದೆ. ಬಟ್ಟೆ ಅಷ್ಟೇ ಶುಚಿಯಾಗುತ್ತದೆ, ನೀವೇ ಮಾಡಿ ನೋಡಿ.

ಈಗ ಬಹಳ ಜನ ಮನೆಯಲ್ಲೇ ಬಯೋ ಎಂಜೈಮ್ ಮಾಡುತ್ತಿದ್ದಾರೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಮೋಸಂಬಿ ಸಿಪ್ಪೆ, ಹತ್ತು ಪಾಲು ನೀರು, ಪ್ಲಾಸ್ಟಿಕ್ ಡಬ್ಬದಲ್ಲಿ ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಡಬ್ಬ ಉಬ್ಬಿ ಒಡೆಯಬಹುದು. ಕೊನೆಗೆ ಸಿಗುವುದು ವಿನೆಗರಿನಂಥ ತೆಳು ಹುಳಿ. ಟೈಲ್ಸ್ ಒರೆಸಲು, ಸಿಂಕಿಗೆ ಚೆನ್ನಾಗಿದೆ. ಹುಳಿಯಾದ್ದರಿಂದ ಅಮೃತಶಿಲೆಗೆ ಇದೂ ಬೇಡ, ಬ್ಲೀಚಿನ ಜತೆಗೂ ಬೇಡ. ವಾಂತಿ ಭೇದಿಯ ಮನೆಯಲ್ಲಿ ಇದನ್ನೇ ಕ್ರಿಮಿನಾಶಕ ಅಂತ ನಂಬಿ ಕೂರಬೇಡಿ.

ಇಡುವುದು ಎಲ್ಲಿ, ಹೇಗೆ?

ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಪಾತ್ರೆ ಸೋಪು, ವಾಷಿಂಗ್ ಸೋಡಾ, ನಿಂಬೆ ಉಪ್ಪು, ಒಂದು ಸಣ್ಣ ಬಾಟಲಿ ಬ್ಲೀಚ್, ಕಕ್ಕಸಿಗೆ ಮಾತ್ರ ಆ ನೀಲಿ ಬಾಟಲಿ. ಬ್ಲೀಚ್ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ನೀಲಿ ಬಾಟಲಿ ಬಚ್ಚಲಿನ ಎತ್ತರದ ಗೂಡಿನಲ್ಲಿ. ಎರಡೂ ಒಂದೇ ಕಡೆ ಇಲ್ಲದಿದ್ದರೆ ಒಂದೇ ಸಲ ಕೈಗೆ ಸಿಗುವುದಿಲ್ಲ.

ಸುಪ್ರೀಂ ಕೋರ್ಟ್ 2013ರಲ್ಲೇ ಆಸಿಡ್‌ನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿದೆ. ಎಲ್ಲಿಂದಲೋ ಲೂಸ್ ಆಸಿಡ್ ತಂದು ಜ್ಯೂಸಿನ ಬಾಟಲಿಯಲ್ಲಿ ತುಂಬಿಡುವುದನ್ನು ಇವತ್ತೇ ನಿಲ್ಲಿಸಿ. ಬಾಯಾರಿದ ಮಗು ಬಾಟಲಿಯ ಆಕಾರ ನೋಡುತ್ತದೆ, ಒಳಗೇನಿದೆ ಅಂತ ನೋಡುವುದಿಲ್ಲ.

ನಾನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಅಕ್ಕ ಒಂದು ನಿಮಿಷ ಅದನ್ನೇ ನೋಡಿದರು. "ನಂಗೆ ಓದಾಕೆ ಬರಲ್ಲ ಕಣಮ್ಮ" ಅಂದರು. ಇಷ್ಟು ವರ್ಷ ಜತೆಗಿದ್ದೂ ನಾನು ಕೇಳಿರಲಿಲ್ಲ. ಆಮೇಲೆ ಅವರೇ ಹಳೇ ಸೀರೆಯ ಅಂಚಿನಿಂದ ಒಂದು ಕೆಂಪು ಪಟ್ಟಿ ಹರಿದು ನೀಲಿ ಬಾಟಲಿಯ ಕುತ್ತಿಗೆಗೆ ಕಟ್ಟಿದರು, ಬ್ಲೀಚ್ ಬಾಟಲಿಗೆ ಬಿಳಿ ಪಟ್ಟಿ. "ಕೆಂಪು ತೆಗೆದ್ ದಿನ ಬಿಳೀದು ಮುಟ್ಟಂಗಿಲ್ಲ, ಅಷ್ಟೇ ಅಲ್ವಾ?" ಅಂತ ಕೇಳಿದರು. ಅಷ್ಟೇ ಅಂದೆ. ಅವರು ಕೆಲಸ ಮಾಡುವ ಇನ್ನೆರಡು ಮನೆಯ ಬಾಟಲಿಗಳಿಗೂ ಈಗ ಅದೇ ಪಟ್ಟಿ ಕಟ್ಟಿದ್ದಾರೆ.